ಎಡಗಿವಿಯ ಸೊಳ್ಳೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ರೋಲರಿನಿಂದ ಹೊರಬೀಳುವ ಹಾಸುಬಟ್ಟೆ ಬಿಸಿಯಿರುತ್ತದೆ. ಅದನ್ನು ಬರಿಗೈಯಲ್ಲಿ ಹಿಡಿಯಬೇಕು. ಮೂಲೆ ಹುಡುಕಬೇಕು. ಎದುರು ನಿಂತವನ ಮೂಲೆಗೆ ನನ್ನ ಮೂಲೆ ಸೇರಿಸಿ ಮಡಚಬೇಕು. ತಡಮಾಡಿದರೆ ಮುಂದಿನದು ಬಂದು ಮೈಮೇಲೆ ಬೀಳುತ್ತದೆ. ಬೆಳಿಗ್ಗೆ ನಿಂತರೆ ಸಂಜೆಯವರೆಗೆ ಇದೇ ಕೆಲಸ. ಆಸ್ಪತ್ರೆ ದೊಡ್ಡದು. ಕಾಯಿಲೆ ಬೀಳುವವರಿಗೆ ಕೊನೆಯಿಲ್ಲ, ಹಾಸುಬಟ್ಟೆಗೂ ಕೊನೆಯಿಲ್ಲ.

'ಕಣ್ಣು ಬೇಡದ ಕೆಲಸ' ಎಂದು ನಮ್ಮನ್ನು ಇಲ್ಲಿ ನಿಲ್ಲಿಸಿದ್ದಾರೆ. ನನಗೆ ಹುಟ್ಟಿದಾಗಿನಿಂದ ಕಣ್ಣಿಲ್ಲ. ಎದುರು ನಿಲ್ಲುವವನಿಗೂ ಇಲ್ಲ. ಅವನು ನಡೆಯುವಾಗ ಸಿಳ್ಳೆ ಹಾಕುತ್ತಾನೆ. ಮುಂದೆ ಗೋಡೆಯೋ ಬಾಗಿಲೋ ಎಂದು ಸಿಳ್ಳೆ ತಿರುಗಿ ಬರುವುದರಲ್ಲೇ ತಿಳಿಯುತ್ತದಂತೆ. ಅದಕ್ಕೇ ಎಲ್ಲರೂ ಅವನನ್ನು ಸೀಟಿ ಅನ್ನುತ್ತಾರೆ. ಕಣ್ಣು ಬೇಡ, ಸರಿ. ಕೈಯಂತೂ ಬೇಕಲ್ಲ. ಬಿಸಿಗೆ ನನ್ನ ಬೆರಳ ತುದಿ ಬೆಂದು, ಸುಲಿದು, ಮತ್ತೆ ಬೆಂದು ಚಪ್ಪಲಿಯ ತೊಗಲಿನಂತಾಗಿದೆ. ಶಾಲೆಯಲ್ಲಿ ಬ್ರೈಲ್ ಸರಾಗವಾಗಿ ಓದುತ್ತಿದ್ದೆ. ಈಗ ಚುಕ್ಕಿಗಳು ಬೆರಳಿಗೆ ಹತ್ತುವುದಿಲ್ಲ. ಪುಸ್ತಕದ ಮೇಲೆ ಕೈಯಿಟ್ಟರೆ ಬರೀ ಕಾಗದ. ಒಮ್ಮೆ ಇದನ್ನು ಸೂಪರ್‌ವೈಸರ್ ಹತ್ತಿರ ಹೇಳಿಕೊಂಡೆ.

"ಓದಿ ಯಾವ ಪರೀಕ್ಷೆ ಬರೀಬೇಕಮ್ಮ ನೀನು?" ಎಂದ.

ಅವನು ಮಾತಿಗೊಮ್ಮೆ ಬುಸ್ಸೆನ್ನುತ್ತಾನೆ. ಅವನಿಗೆ ಕುಕ್ಕರ್ ಎಂದು ಹೆಸರಿಟ್ಟವನು ಸೀಟಿ.

ಬೆರಳು ಹೋದ ಮೇಲೆ ಉಳಿದದ್ದು ಕಿವಿ. ಕಿವಿಯಿಂದಲೇ ನಮ್ಮಿಬ್ಬರಿಗೂ ಒಂದು ಹುಚ್ಚು ಹಿಡಿಯಿತು. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವ ಹುಚ್ಚು. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಅಂಧರ ಕೇಂದ್ರವೊಂದಿದೆ. ಅಲ್ಲಿ ಕೆಲಸಕ್ಕಾಗಿ ತರಬೇತಿ ಕೊಡುತ್ತಾರೆ. ಸಂಜೆ ತರಬೇತಿಯವರು ಮನೆಗೆ ಹೋದ ಮೇಲೆ ಕಂಪ್ಯೂಟರ್ ಕೋಣೆ ಖಾಲಿಯಿರುತ್ತದೆ. ಕೆಲಸ ಮುಗಿಸಿ ನಾವು ಅಲ್ಲಿಗೆ ಹೋಗುತ್ತಿದ್ದೆವು. ಕಾಲು ಮರಗಟ್ಟಿರುತ್ತಿತ್ತು. ಮೈಯಿಂದ ಬ್ಲೀಚಿನ ವಾಸನೆ ಹೊಡೆಯುತ್ತಿತ್ತು. ಆದರೂ ಹೋಗುತ್ತಿದ್ದೆವು.

ನಾವು ಪರದೆ ಆನ್ ಮಾಡುವುದಿಲ್ಲ. ಅದು ನಮಗೆ ಯಾವ ಕೆಲಸಕ್ಕೆ? ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಒಂದಿದೆ. ಅಕ್ಷರ ಒತ್ತಿದರೆ ಅಕ್ಷರ ಹೇಳುತ್ತದೆ, ಸಾಲಿಗೆ ಹೋದರೆ ಸಾಲು ಓದುತ್ತದೆ. ನಾವು ಅದರ ವೇಗವನ್ನು ಏರಿಸಿ ಇಟ್ಟಿರುತ್ತೇವೆ. ಹೊರಗಿನವರಿಗೆ ತಗಡಿನ ಮೇಲೆ ಕಾಳು ಸುರಿದಂತೆ ಕೇಳುತ್ತದೆ, ನಮಗೆ ಒಂದೊಂದು ಕಾಳೂ ತಿಳಿಯುತ್ತದೆ. ಅದಕ್ಕೆ ಬಾಯಿಬಡುಕಿ ಎಂದು ಹೆಸರಿಟ್ಟಿದ್ದೆವು. ಕೇಂದ್ರದ ಕಾವಲುಗಾರ ಮೊದಮೊದಲು ಕಪ್ಪು ಪರದೆಯನ್ನು ನೋಡಿ, "ಆನ್ ಮಾಡ್ದೇನೇ ಕೂತಿದ್ದೀರಲ್ರಮ್ಮ" ಎಂದು ನಕ್ಕಿದ್ದ. ಬಾಯಿಬಡುಕಿ ಮಾತು ಶುರುಮಾಡಿದ ಮೇಲೆ ಗಾಬರಿಯಾಗಿ ಹೊರಗೆ ಹೋದ.

ಬರೆಯುತ್ತಿದ್ದದ್ದು ಒಂದು ಆಟ. ಹೆಡ್‌ಫೋನ್ ಹಾಕಿಕೊಂಡರೆ ಎಡಗಿವಿಯಲ್ಲಿ ಸೊಳ್ಳೆ ಗುಂಯ್‌ಗುಡುತ್ತದೆ. ಮೆಲ್ಲಗೆ ತಲೆಯ ಒಳಗಿನಿಂದ ಬಲಗಿವಿಯ ಕಡೆ ಸಾಗುತ್ತದೆ. ನಟ್ಟನಡುವೆ ಬಂದಾಗ ಕೀಲಿ ಒತ್ತಿದರೆ ಚಪಾತ್ ಎಂದು ಸಾಯುತ್ತದೆ. ತಪ್ಪಿದರೆ ಕುಕ್ಕರ್ ದನಿಯಲ್ಲಿ ಬೈಗುಳ. ಸೊಳ್ಳೆಯ ದನಿಯೂ ಕುಕ್ಕರಿನ ದನಿಯೂ ಸೀಟಿಯ ಬಾಯಿಂದಲೇ ಬಂದದ್ದು. ಅವನು ಅದನ್ನು ರೆಕಾರ್ಡ್ ಮಾಡಿದ ದಿನ ನಾನು ನಕ್ಕು ನಕ್ಕು ಕುರ್ಚಿಯಿಂದ ಜಾರಿದ್ದೆ. ಅಷ್ಟು ನಕ್ಕದ್ದು ಬಹಳ ಕಾಲದ ಮೇಲೆ.

ನಾನಿರುವುದು ಅಣ್ಣನ ಮನೆಯಲ್ಲಿ. ಅಪ್ಪ ಅಮ್ಮ ತೀರಿಕೊಂಡು ವರ್ಷಗಳಾದವು. ಅಲ್ಲಿ ಕಂಪ್ಯೂಟರಿಲ್ಲ, ಕೊಳ್ಳುವ ಮಾತು ಎತ್ತುವಂತೆಯೂ ಇಲ್ಲ.

"ಅದ್ರಿಂದ ಏನ್ ಬರುತ್ತೆ?" ಎಂದು ಅತ್ತಿಗೆ ಕೇಳುತ್ತಿದ್ದಳು.

"ಏನೂ ಬರಲ್ಲ ಅತ್ತಿಗೆ."

"ಮತ್ಯಾಕೆ ಅಲ್ಲಿ ಸೊಂಟ ಮುರ್ಕೋತೀಯ? ಮನೆಗೆ ಬಂದು ಬಿದ್ಕೊಬಾರ್ದಾ?"

ಅಣ್ಣ ರಜೆಯ ದಿನ ಇಡೀ ಮಧ್ಯಾಹ್ನ ಇಸ್ಪೀಟಾಡುತ್ತಾನೆ. ಪಕ್ಕದ ಮನೆಯಾತ ಪಾರಿವಾಳ ಸಾಕಿದ್ದಾನೆ. ಅದರಿಂದೇನು ಬರುತ್ತದೆ ಎಂದು ಅವರನ್ನು ಯಾರೂ ಕೇಳಿಲ್ಲ. ಕಣ್ಣಿದ್ದವರು ಹೊತ್ತು ಕಳೆದರೆ ಹವ್ಯಾಸ, ನಾವು ಕಳೆದರೆ ದಂಡ. ನಮ್ಮ ಉಸಿರಿಗೂ ಲಾಭ ತೋರಿಸಬೇಕು. ನನಗೆ ಇದು ಸಾಕುಸಾಕಾಗಿತ್ತು.

ಆ ದಿನಗಳಲ್ಲಿ ಆಟದಲ್ಲಿ ಒಂದು ತೊಡಕು. ಸೊಳ್ಳೆ ಎಡಗಿವಿ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಎಲ್ಲ ಸಾಲೂ ಸರಿಯಾಗಿದ್ದಂತೆ ಬಾಯಿಬಡುಕಿ ಓದುತ್ತಿದ್ದಳು. ತಪ್ಪು ಸಿಗುತ್ತಿರಲಿಲ್ಲ. ಸೀಟಿ, "ಇದು ನಮ್ ಕುಕ್ಕರ್ ಸಂಬಂಧಿ ಕಣೇ, ಹೇಳಿದ್ ಮಾತು ಕೇಳಲ್ಲ" ಎನ್ನುತ್ತಿದ್ದ. ನನಗೆ ಹಾಸುಬಟ್ಟೆ ಮಡಚುವಾಗಲೂ ಅದೇ ಧ್ಯಾನ. ಧ್ಯಾನವಿದ್ದರೆ ಬಿಸಿ ತುಸು ಕಡಿಮೆ ಹತ್ತುತ್ತದೆ.

ಒಂದು ಸಂಜೆ ಕೇಂದ್ರದ ಮೇಡಂ ನಮ್ಮನ್ನು ತಮ್ಮ ಕೋಣೆಗೆ ಕರೆದರು. ಕೂರಿ ಎನ್ನಲಿಲ್ಲ. ದಿನವಿಡೀ ನಿಂತು ಬಂದವರು ಮತ್ತೆ ನಿಂತೆವು.

"ನೋಡಿ, ಇನ್ಮೇಲೆ ಕಂಪ್ಯೂಟರ್ ಕೋಣೆ ತರಬೇತಿಯವರಿಗೆ ಮಾತ್ರ. ನಿಮಗೆ ಹೇಗೂ ಕೆಲಸ ಇದೆ. ನೀವು ಅಲ್ಲಿ ಮಾಡೋದೇನು? ಆಟ. ಕಣ್ಣಿಲ್ಲದವರಿಗೆ ಇಷ್ಟೊಂದು ಶೋಕಿ ಯಾಕೆ ಅಂತ ಕಮಿಟಿಯವರು ಕೇಳ್ತಾರೆ. ನಾನೇನ್ ಹೇಳ್ಲಿ?"

"ಸಂಜೆ ಹೊತ್ತು ಕೋಣೆ ಖಾಲಿ ಇರುತ್ತಲ್ಲ ಮೇಡಂ" ಎಂದೆ.

"ಖಾಲಿ ಇದ್ದರೆ ಇರ್ಲಿ. ಕರೆಂಟು ಉಳಿಯುತ್ತೆ."

ಸೀಟಿ ಗಂಟಲು ಸರಿಮಾಡಿಕೊಂಡ. ಮೇಡಂ ದನಿ ಇಳಿಸಿದರು. ದಾನ ಕೊಡುವ ಕಂಪನಿಯವರು ಬರುತ್ತಾರೆ. ಅವರ ಮುಂದೆ ನಾವಿಬ್ಬರೂ ಕಂಪ್ಯೂಟರಿನಲ್ಲಿ ಕೆಲಸ ಮಾಡಿ ತೋರಿಸಬೇಕು. ಚೆನ್ನಾಗಿ ನಡೆದರೆ ಸಂಜೆಯ ಹೊತ್ತು ನಮಗೇ ಇರುವಂತೆ ಮೇಡಂ ಕಮಿಟಿಗೆ ಹೇಳುತ್ತಾರೆ.

"ಸೊಳ್ಳೆ ಗಿಳ್ಳೆ ಬೇಡ. ಏನಾದ್ರೂ ಉಪಯೋಗದ್ದು ಅಂತ ಹೇಳೋಣ. ಆಮೇಲೆ ನೀನು ಮೈಕ್ ಹಿಡ್ದು ಎರಡು ಮಾತು ಆಡ್ಬೇಕು. 'ನಾನು ಕತ್ತಲಲ್ಲಿದ್ದೆ, ಈ ಕೇಂದ್ರ ನನಗೆ ಬೆಳಕು ಕೊಟ್ಟಿತು.' ಇಷ್ಟೇ. ಎಲ್ಲಿ, ಒಂದ್ಸಲ ಹೇಳು ನೋಡೋಣ."

ನಾನು ಹೇಳಲಿಲ್ಲ. ಗಂಟಲು ಒಣಗಿದೆ ಎಂದು ನೆಪ ಹೇಳಿದೆ. ಕತ್ತಲು ಎಂದರೆ ಏನೆಂದು ನನಗೆ ಗೊತ್ತಿಲ್ಲ. ಬೆಳಕು ಕಂಡವರಿಗೆ ಅದು ಗೊತ್ತು, ದೀಪ ಆರಿದರೆ ಹೆದರುವವರು ಅವರು. ನಾನು ಯಾವತ್ತೂ ಅಲ್ಲಿರಲಿಲ್ಲ. ಆದರೂ ಆ ಸಂಜೆ ಬಸ್ಸಿನ ಕಂಬಿ ಹಿಡಿದು ನಿಂತಾಗ ಹೇಳಿಬಿಡೋಣ ಅನ್ನಿಸಿತು. ಒಂದು ಮಾತು ತಾನೇ. ಬಾಯಿ ಸವೆಯುವುದಿಲ್ಲ.

ಅವರು ಬರುವ ದಿನ ಬೆಳಿಗ್ಗೆ ನಾವು ರೋಲರಿನ ಮುಂದೆ ಇದ್ದೆವು. ಒಂದು ಹಾಸುಬಟ್ಟೆಯನ್ನು ತಪ್ಪಾಗಿ ಮಡಚಿ, ಬಿಚ್ಚಿ, ಮತ್ತೆ ಮೊದಲ ಮೂಲೆ ಹಿಡಿದೆ. ಆಗ ಹೊಳೆಯಿತು. ಸೊಳ್ಳೆಯನ್ನು ಎಡಗಿವಿಯಲ್ಲಿ ಕೂರಿಸುವ ಸಾಲು, ಪ್ರೋಗ್ರಾಂ ಮತ್ತೆ ಮತ್ತೆ ಓಡಿಸುವ ಸುತ್ತಿನ ಒಳಗೆ ಸೇರಿಹೋಗಿದೆ. ಅದು ಸುತ್ತಿನ ಹೊರಗೆ, ಶುರುವಿನಲ್ಲಿ ಒಂದೇ ಸಲ ಬರಬೇಕಿತ್ತು. ಸೊಳ್ಳೆ ಪಾಪ ಪ್ರತಿಸಲವೂ ಒಂದು ಹೆಜ್ಜೆ ಇಡುತ್ತಿತ್ತು, ನಾವು ಅದನ್ನು ಹಿಡಿದು ತಂದು ಮತ್ತೆ ಎಡಗಿವಿಗೇ ಕೂರಿಸುತ್ತಿದ್ದೆವು.

"ಸೀಟಿ, ಸಿಕ್ತು ಕಣೋ!" ಎಂದು ಕೂಗಿದೆ.

"ಏನು, ಸೂಜಿ ಸಿಕ್ತಾ?" ಎಂದು ಅವನು ಹೆದರಿ ಬಟ್ಟೆ ಕೈಬಿಟ್ಟ. ಆಸ್ಪತ್ರೆಯ ಬಟ್ಟೆಯಲ್ಲಿ ಸೂಜಿ ಉಳಿದು ಚುಚ್ಚುವುದುಂಟು.

"ತಪ್ಪು ಸಿಕ್ತು. ಸಂಜೆ ಹೇಳ್ತೀನಿ."

ಕುಕ್ಕರ್ ಬುಸ್ಸೆಂದ. ನಾವು ಮತ್ತೆ ಮೂಲೆ ಹಿಡಿದೆವು. ಅಂದು ಇಡೀ ಹೊತ್ತು ನನ್ನ ಕೈ ಕೀಬೋರ್ಡಿಗೆ ತುರಿಸುತ್ತಿತ್ತು. ಅತಿಥಿಗಳು ಬರಲಿ, ಹೋಗಲಿ. ಆ ಸಾಲನ್ನು ಎತ್ತಿ ಹೊರಗಿಟ್ಟು, ಸೊಳ್ಳೆ ತಲೆ ದಾಟುವುದನ್ನು ಒಮ್ಮೆ ಕೇಳಿದರೆ ಸಾಕಿತ್ತು.

ಕೇಂದ್ರಕ್ಕೆ ಹೋದಾಗ ಕೋಣೆಯ ದನಿಯೇ ಬದಲಾಗಿತ್ತು. ಹೆಚ್ಚು ಕುರ್ಚಿ, ಹೆಚ್ಚು ಜನ, ಹೂವಿನ ಕಂಪು, ಸೆಂಟಿನ ಘಾಟು. ಯಾರೋ ಕೇಳದೆ ನನ್ನ ಭುಜ ಹಿಡಿದು ತಿರುಗಿಸಿದರು. ಯಾರೋ ಮೂಗಿನ ಮೇಲೆ ಕನ್ನಡಕ ಏರಿಸಿದರು.

"ಏನಿದು?"

"ಕಪ್ಪು ಕನ್ನಡಕ ಕಣಮ್ಮ. ಫೋಟೋದಲ್ಲಿ ಕಣ್ಣು ಚೆನ್ನಾಗಿ ಕಾಣಲ್ಲ."

ನನ್ನ ಕಣ್ಣು ನನಗೆ ಯಾವತ್ತೂ ಅಸಹ್ಯವಾಗಿರಲಿಲ್ಲ. ಆಗ ಆಯಿತು. ಬೆನ್ನು ಬಗ್ಗಿಸಿ ಕೂತೆ. "ನೆಟ್ಟಗೆ ಕೂತ್ಕೊ, ನಗು" ಎಂದರು. ನೆಟ್ಟಗೆ ಕೂತೆ. ನಗು ಬರಲಿಲ್ಲ.

ಮೊದಲು ಸೀಟಿಯನ್ನು ಕೂರಿಸಿದರು. ಅವನ ಕೀಲಿಗಳ ಪಟಪಟ ಕೇಳಿತು. ಬಾಯಿಬಡುಕಿ ಕೇಳಿಸಲಿಲ್ಲ. ಹೆಡ್‌ಫೋನ್ ಹಾಕಿಕೊಂಡಿರಬೇಕು ಎಂದುಕೊಂಡೆ. ಪಟಪಟ ಸಾಗಿತು. ಚಪ್ಪಾಳೆ ಬಿತ್ತು. ಒಬ್ಬ ಹೆಂಗಸು, "ನೋಡಿ, ನಮಗಿಂತ ಫಾಸ್ಟು" ಎಂದಳು. ಆಮೇಲೆ ನನ್ನನ್ನು ಎಬ್ಬಿಸಿ ಅವನ ಪಕ್ಕದ ಕಂಪ್ಯೂಟರಿಗೆ ಒಯ್ದರು.

ಕೀಲಿ ಒತ್ತಿದೆ. ದನಿಯಿಲ್ಲ. ಮತ್ತೊಂದು ಒತ್ತಿದೆ. ಇಲ್ಲ. ಬಾಯಿಬಡುಕಿಯನ್ನು ಎಬ್ಬಿಸುವ ಕೀಲಿಗಳನ್ನು ಒತ್ತಿದೆ. ಸತ್ತಂತೆ ಬಿದ್ದಿದ್ದಳು. ಹಿಂದೆ ಕೈ ಹಾಕಿ ಸ್ಪೀಕರಿನ ವೈರು ತಡಕಿದೆ. ವೈರಿರಲಿಲ್ಲ. ಹೆಡ್‌ಫೋನ್ ಇಡುವ ಕೊಕ್ಕೆ ಮುಟ್ಟಿದೆ. ಅದೂ ಬರಿದು.

ಮೇಡಂ ಕಿವಿಯ ಹತ್ತಿರ ಬಗ್ಗಿದರು. "ಏನ್ ಹುಡುಕ್ತಿದೀಯ?"

"ಮೇಡಂ, ಇದು ಆಫ್ ಆಗಿದೆ."

"ಆಫ್ ಆಗಿಲ್ಲಮ್ಮ. ಪರದೆ ಆನ್ ಇದೆ. ಎಲ್ರಿಗೂ ಕಾಣ್ತಿದೆ."

"ನನಗೆ ಆಫ್ ಆಗಿದೆ. ದನಿ ಇಲ್ಲ."

"ಆ ಗಲಾಟೆ ಬೇಡ ಅಂತ ನಾನೇ ತೆಗೆಸ್ದೆ. ಅತಿಥಿಗಳು ಮಾತಾಡ್ಬೇಕಲ್ಲ. ಹೆಡ್‌ಫೋನ್ ಹಾಕಿದ್ರೆ ಫೋಟೋದಲ್ಲಿ ಮುಖ ಮುಚ್ಚುತ್ತೆ. ಪರದೆ ಮೇಲೆ ಬೇರೆ ವಿಡಿಯೋ ಹಾಕಿದೀವಿ. ನೀನು ಸುಮ್ನೆ ಬೆರಳು ಆಡ್ಸು. ಸಾಕು."

ಆಗ ಅರ್ಥವಾಯಿತು. ಕುರುಡರು ಕಂಪ್ಯೂಟರ್ ಬಳಸುವುದನ್ನು ತೋರಿಸಲು ಇವರು ಪರದೆ ಆನ್ ಮಾಡಿದ್ದಾರೆ, ದನಿ ಕಿತ್ತುಹಾಕಿದ್ದಾರೆ. ಇಡೀ ಕೇಂದ್ರದಲ್ಲಿ ಇದು ತಪ್ಪೆಂದು ಒಬ್ಬರಿಗೂ ಹೊಳೆದಿಲ್ಲ. ದನಿ ಸತ್ತ ಕೀಲಿಗಳ ಮೇಲೆ ಬೆರಳಾಡಿಸಿ ಸೀಟಿ ಚಪ್ಪಾಳೆ ಗಿಟ್ಟಿಸಿದ್ದಾನೆ. ಈಗ ನನ್ನ ಸರದಿ.

"ಆಡ್ಸಲ್ಲ" ಎಂದೆ.

"ಏನು?"

"ಬೆರಳು ಆಡ್ಸಲ್ಲ ಮೇಡಂ."

ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಸೆಂಟಿನ ಘಾಟಿನ ಹೆಂಗಸೊಬ್ಬಳು ಬಂದು ನನ್ನ ಗಲ್ಲ ಹಿಡಿದಳು.

"ಪಾಪ, ಹೆದರಿದಾಳೆ."

"ಹೆದರಿಲ್ಲ. ಸುಸ್ತಾಗಿದೆ. ಗಲ್ಲ ಬಿಡಿ."

ಅವಳು ಕೈ ತೆಗೆದಳು. ಅವರಲ್ಲಿ ಹಿರಿಯನೊಬ್ಬ ಮಾತು ತೇಲಿಸಲು ನಕ್ಕ. ತಮಗೆ ಬಹಳ ಸಂತೋಷವಾಗಿದೆ, ಈ ಪರದೆಗಳು ತೀರ ಸಣ್ಣವು, ತಮ್ಮ ಕಂಪನಿಯ ಕಡೆಯಿಂದ ಇಡೀ ಕೋಣೆಗೆ ದೊಡ್ಡ ಪರದೆ ಕೊಡಿಸುತ್ತೇವೆ ಎಂದ. ಚಪ್ಪಾಳೆ ಬಿತ್ತು. ಮೇಡಂ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ನಾನು ನಕ್ಕುಬಿಟ್ಟೆ. ತಡೆಯಲಾಗಲಿಲ್ಲ. "ಯಾರಿಗೆ ಸಾರ್ ದೊಡ್ಡ ಪರದೆ?" ಎಂದೆ.

ಮೇಡಂ ಮೈಕನ್ನು ನನ್ನ ಕೈಗೆ ತುರುಕಿದರು. "ಹೇಳ್ಕೊಟ್ಟಿದ್ದು ಹೇಳು, ಮುಗಿಸು" ಎಂದು ಹಲ್ಲು ಕಡಿದರು.

ಮೈಕು ತಣ್ಣಗಿತ್ತು. ನನ್ನ ದನಿ ಗೋಡೆಗೆ ಬಡಿದು ವಾಪಸು ಬಂತು. "ನಾನು ಆಸ್ಪತ್ರೆ ಬಟ್ಟೆ ಮಡಚ್ತೀನಿ. ಸಂಜೆ ಇಲ್ಲಿ ಬಂದು ಸೊಳ್ಳೆ ಹೊಡೀತೀನಿ. ಕಂಪ್ಯೂಟರಲ್ಲಿ. ಅದ್ರಿಂದ ಯಾರಿಗೂ ಏನೂ ಉಪಯೋಗ ಇಲ್ಲ. ನನಗೆ ಖುಷಿಯಾಗುತ್ತೆ, ಅದಕ್ಕೆ ಮಾಡ್ತೀನಿ. ಇವತ್ತು ಇವರು ದನಿ ಕಿತ್ತಿದಾರೆ. ಇಲ್ಲಿ ನಡೀತಿರೋದು ಸುಳ್ಳು."

ಮೈಕು ಕಿತ್ತುಕೊಂಡರು. ಕಾವಲುಗಾರ ರಟ್ಟೆ ಹಿಡಿದು ಹೊರಗೆ ಬಿಟ್ಟ. "ಏನಮ್ಮ ನೀನು, ಅನ್ನ ಹಾಕೋ ಜನರ ಮುಂದೆ" ಎಂದ. ನನಗೆ ಅನ್ನ ಹಾಕುತ್ತಿದ್ದದ್ದು ಬೆಂದ ನನ್ನ ಬೆರಳು. ಅದನ್ನು ಅವನಿಗೆ ಹೇಳುವಷ್ಟು ಕಸುವಿರಲಿಲ್ಲ. ಮಡಚಿಟ್ಟಿದ್ದ ಬಿಳಿ ಕೋಲು ಬಿಡಿಸಿಕೊಂಡು ಬಸ್ಸಿನ ಕಡೆ ನಡೆದೆ.

ಮರುದಿನ ಹಾಸುಬಟ್ಟೆಯ ಆಚೆ ಬದಿಯಲ್ಲಿ ಸೀಟಿ ನಿಂತಿದ್ದ. ಬಟ್ಟೆಯನ್ನು ಸಿಟ್ಟಿನಿಂದ ಜಗ್ಗಿದೆ. ಅವನು ಮುಂದಕ್ಕೆ ಮುಗ್ಗರಿಸಿದ.

"ಬೈದ್ಬಿಡು ಕಣೇ" ಎಂದ.

"ಬೆರಳಾಡ್ಸಿದೆಯಲ್ಲೋ. ಕೋತಿ ಥರ."

"ಆಡ್ಸಿದೆ. ಏನ್ ಟೈಪ್ ಮಾಡ್ದೆ ಗೊತ್ತಾ? ನಂಗೆ ಬರೋ ಬೈಗುಳ ಎಲ್ಲಾ. ಮೇಡಂಗೆ, ಕಮಿಟಿಗೆ, ಕುಕ್ಕರ್‌ಗೂ ಎರಡು. ಅವರು ಪರದೆ ಮೇಲೆ ವಿಡಿಯೋ ನೋಡ್ತಾ ಚಪ್ಪಾಳೆ ಹೊಡೀತಿದ್ರು."

ನಗು ಬಂತು. ಸಿಟ್ಟು ಹೋಗಲಿಲ್ಲ. ಬೈದರೂ ಕೇಳಿಸದಂತೆ ಬೈದರೆ ಏನು ಬಂತು? ಆದರೆ ಅವನ ದನಿಯಲ್ಲಿ ನಾಚಿಕೆಯಿತ್ತು. ಅವನಿಗೆ ಮನೆಯೆಂದರೆ ಬಾಡಿಗೆಯ ಒಂದು ಮೂಲೆ. ಆ ಕಂಪ್ಯೂಟರ್ ಬಿಟ್ಟರೆ ಅವನಿಗೆ ಹೋಗುವ ಜಾಗವಿಲ್ಲ.

"ನನಗೆ ಸಂಜೆ ಬಾ ಅಂದಿದಾರೆ. ನಿನಗೆ ಬೇಡ ಅಂದ್ರು. ನಾನು ಹೋಗ್ತೀನಿ ಕಣೇ" ಎಂದ.

"ಹೋಗು" ಎಂದೆ. ಸಾಲನ್ನು ಎಲ್ಲಿಂದ ಎತ್ತಿ ಎಲ್ಲಿಡಬೇಕೆಂದು ಹೇಳಿಕೊಟ್ಟೆ. ಎರಡು ಸಲ ಬಾಯಿಪಾಠ ಮಾಡಿಸಿದೆ.

ಅದರ ಮರುದಿನ ಅವನು ರೋಲರಿನ ಹತ್ತಿರ ಬರುವ ಮೊದಲೇ ಸಿಳ್ಳೆ ಕೇಳಿತು. "ಬಂತು ಕಣೇ! ಬಲಗಿವಿಗೆ ಬಂತು! ತಲೆ ಒಳಗಿಂದ ಹೀಗೇ ಹೋಯ್ತು. ಮೈ ಜುಂ ಅಂತು."

"ಹೌದಾ?" ಎಂದೆ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಉರಿಯಿತು. ನನ್ನ ಸೊಳ್ಳೆ. ನಾನು ಅದನ್ನು ಕೇಳಲಿಲ್ಲ. ದಿನವಿಡೀ ಸೀಟಿ ಹೇಳುತ್ತಲೇ ಇದ್ದ, ನಾನು ಹೂಂಗುಟ್ಟುತ್ತಲೇ ಇದ್ದೆ.

ಆ ಸಂಜೆ ಮನೆಗೆ ಮೇಡಂ ಫೋನ್ ಬಂತು. ಕಂಪನಿಯವರು ಬೇಜಾರಾಗಿದ್ದಾರಂತೆ. ಆದರೂ ಮೇಡಂ ಮನಸ್ಸು ದೊಡ್ಡದಂತೆ. ನಾನು ಫೋನಿನಲ್ಲೇ ಸಣ್ಣ ವಿಡಿಯೋ ಮಾಡಿ ಕಳಿಸಬೇಕು. ತಪ್ಪಾಯಿತು ಎನ್ನಬೇಕು. ಕತ್ತಲಿನ ಮಾತು ಹೇಳಬೇಕು. ಕಳಿಸಿದರೆ ನಾಳೆಯಿಂದಲೇ ಬರಬಹುದು.

"ಯೋಚ್ನೆ ಮಾಡಿ ಇವತ್ತೇ ಹೇಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋನ್ ಮಾಡ್ತೀನಿ" ಎಂದು ಇಟ್ಟರು.

ಅತ್ತಿಗೆ ಪಾತ್ರೆ ತಿಕ್ಕುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಹೇಳ್ಬಿಡು. ನಿನ್ ಗಂಟೇನ್ ಹೋಗುತ್ತೆ? ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ನೀನು" ಎಂದಳು.

ನಾನು ಸೋತಿದ್ದೆ. ಸುಳ್ಳು ಹೇಳಿದರೆ ನನ್ನ ಕಂಪ್ಯೂಟರ್ ಸಿಗುತ್ತದೆ. ಹೇಳದಿದ್ದರೆ ನನ್ನ ಕೈಗೆ ಹಾಸುಬಟ್ಟೆ ಬಿಟ್ಟರೆ ಏನೂ ಇಲ್ಲ. ಗೋಡೆಗೊರಗಿ ಕೂತು ಅಭ್ಯಾಸ ಮಾಡಿದೆ. "ನಾನು ತಪ್ಪು ಮಾಡ್ದೆ. ನಾನು ಕತ್ತಲಲ್ಲಿದ್ದೆ." ದನಿ ಸರಿಬರಲಿಲ್ಲ. ಮತ್ತೆ ಹೇಳಿದೆ. "ನಾನು ಕತ್ತಲಲ್ಲಿದ್ದೆ. ನನಗೆ ಯಾರೂ ಇರ್ಲಿಲ್ಲ." 'ಯಾರೂ ಇರಲಿಲ್ಲ' ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಂಥ ಮಾತಿಗೆ ಅಂಥದ್ದೇ ಬಾಲ ತಾನಾಗಿ ಅಂಟಿಕೊಂಡಿತು.

ಪಾತ್ರೆಯ ಸದ್ದು ನಿಂತಿತು.

"ನಿಲ್ಸು" ಎಂದಳು ಅತ್ತಿಗೆ.

"ನೀವೇ ಹೇಳು ಅಂದ್ರಲ್ಲ."

"ಯಾವಾಗ್ಲೇ ಕತ್ತಲಲ್ಲಿದ್ದೆ ನೀನು? ನಮ್ಮನೇಲಿದ್ದೆ. ನಿನ್ ತಲೆ ಬಾಚಿದ್ದು ನಾನು. ಜ್ವರ ಬಂದಾಗ ಹೊತ್ಕೊಂಡು ಹೋಗಿದ್ದು ನಿಮ್ಮಣ್ಣ. ಯಾರೂ ಇರ್ಲಿಲ್ಲ ಅಂದ್ರೆ ನಾವೇನು ದೆವ್ವಗಳಾ?"

ಅವಳ ಉಸಿರು ಏರಿತ್ತು. ನನ್ನ ಹವ್ಯಾಸಕ್ಕಾಗಿ ಅವಳು ಸಿಟ್ಟಾಗಲಿಲ್ಲ. ಅದು ಅವಳಿಗೆ ಈಗಲೂ ದಂಡವೇ. ಅವಳ ಮನೆಯನ್ನು ಕತ್ತಲು ಎಂದದ್ದಕ್ಕೆ ಸಿಟ್ಟಾದಳು. ಸಿಟ್ಟು ಯಾವ ಬಾಗಿಲಿಂದ ಬಂದರೇನು. ನನಗೆ ಅಷ್ಟು ಸಾಕಾಯಿತು.

ಫೋನ್ ಬಂತು.

"ವಿಡಿಯೋ ರೆಡಿನಾ?"

"ಕಳ್ಸಲ್ಲ ಮೇಡಂ."

"ನಿಮ್ಮಂಥವರಿಗೆ ಎಷ್ಟು ಮಾಡಿದ್ರೂ ಇಷ್ಟೇ. ನಾಳೆ ಕಂಪ್ಯೂಟರ್ ಮುಂದೆ ನಿನ್ ಜಾಗಕ್ಕೆ ಬೇರೆಯವರನ್ನ ಹಾಕ್ತೀನಿ."

"ಹಾಕಿ. ಅವರಿಗೆ ದನಿ ಹಾಕ್ಕೊಡಿ."

ಫೋನ್ ಇಟ್ಟೆ. ಇಟ್ಟ ಮೇಲೆ ಅತ್ತುಬಿಟ್ಟೆ. ಗೆದ್ದ ಅಳುವಲ್ಲ ಅದು. ನನ್ನದು ಎನ್ನುವ ಒಂದೇ ಒಂದು ಜಾಗ ಹೋಗಿತ್ತು. ಕೆನ್ನೆ ಒರೆಸಿಕೊಳ್ಳಲು ಹೋದರೆ ಸುಲಿದ ಬೆರಳಿಗೆ ಕಣ್ಣೀರಿನ ಉಪ್ಪು ತಾಗಿ ಉರಿಯಿತು. ಅತ್ತಿಗೆ ಸಮಾಧಾನ ಮಾಡಲಿಲ್ಲ. ಅವಳಿಗೆ ಅದು ಬರುವುದಿಲ್ಲ. ತಟ್ಟೆ ತಂದು ನನ್ನ ಮುಂದಿಟ್ಟಳು, ಕೈ ಹಿಡಿದು ಅನ್ನ ಯಾವ ಕಡೆ ಇದೆ ಎಂದು ತೋರಿಸಿದಳು.

"ಹಂಗಾದ್ರೆ ನಾಳೆಯಿಂದ ಬೇಗ ಬರ್ತೀಯಾ?" ಎಂದಳು.

"ಬರ್ತೀನಿ."

ಬೇಗ ಬಂದು ಏನು ಮಾಡಬೇಕೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.